ಬೆನ್ನಿಗೆ ಬಂದ ಜೀಪು

"ಅಣ್ಣನ ಜೀಪು ಗುಜರಿಗೆ ಹೋಗಂಗಿಲ್ರಿ ವೈನಿ, ನನ್ನ ಜೀಪಿನ ಬೆನ್ನಿಗೇ ಇರತೈತಿ," ಎಂದು ಅಣ್ಣ ತೀರಿಕೊಂಡ ವರ್ಷವೇ ದುರಗೇಶ ಮಾತು ಕೊಟ್ಟಿದ್ದ.

ಈಗ ಅವನ ಹಸಿರು ಜೀಪಿನ ಹಿಂದೆ ಅಂಥದೇ ಹಸಿರು ಬಳಿದುಕೊಂಡ ಟ್ರೇಲರ್ ನಿಂತಿತ್ತು. ಅತ್ತಿಗೆ ಮುದಕವ್ವನಿಗೆ ನಂಬಿಕೆ ಬರಲಿಲ್ಲ. "ಖರೆ ಹೇಳಲೇ ದುರಗ್ಯಾ, ಅವರ ಜೀಪು ಮಾರಿ ಯಾರದೋ ತಗಡು ಎಳಕೊಂಡು ಬಂದೀಯೇನು?"

"ಅದೇ ಐತ್ರಿ ವೈನಿ. ಹಿಂದಿನ ಅರ್ಧ ಕೊಯ್ದು ಟ್ರೇಲರ್ ಮಾಡಿಸೀನಿ. ಮುಟ್ಟಬ್ಯಾಡ್ರಿ!"

ಮುಟ್ಟಬೇಡ ಎಂದ ಮೇಲೆ ಅನುಮಾನ ಇನ್ನಷ್ಟು ಬಲಿಯಿತು. ನೇಕಾರನಾಗಿದ್ದ ಗಂಡ ಬದುಕಿದ್ದಾಗ, ಜೀಪಿನ ಹಿಂಭಾಗದ ಸೀಳುಬಿಟ್ಟ ತಳಕ್ಕೆ ಮಗ್ಗದ ಹಳೆ ಹಲ್ಲುಗಾಲಿಯೊಂದನ್ನು ಬೆಸುಗೆ ಹಾಕಿಸಿದ್ದ. ಮುದಕವ್ವ ಟ್ರೇಲರಿನ ಅಡಿಗೆ ಕೈ ಹಾಕಿ ತಡಕಿದಳು. ಗಾಲಿಯ ಹಲ್ಲುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು.

"ಬಣ್ಣ ಇನ್ನೂ ಹಸಿ ಐತ್ರಿ, ಅದಕ್ಕ ಬ್ಯಾಡ ಅಂದೆ," ಎಂದ ದುರಗೇಶ. ಅವಳು ಹಸಿರಾದ ಅಂಗೈ ನೋಡಿಕೊಂಡಳು. ಮೈದುನ ಮಾತು ಉಳಿಸಿಕೊಂಡಿದ್ದ.