ತೃಪ್ತಿಯ ತರ್ಜುಮೆ

“ಮೀನು ತಿನ್ನದ ಹುಡುಗನಿಗೆ ನನ್ನ ಮಗಳನ್ನು ಕೊಡುವುದೇ ಇಲ್ಲ ಅಂತ ಹೇಳ್ತಾ ಇದ್ದಾಳೆ ಅವಳ ಅಮ್ಮ,” ಎಂದು ತೃಪ್ತಿ ತರ್ಜುಮೆ ಮಾಡಿದಳು.

ಟೀವಿಯಲ್ಲಿ ಇನ್ನೂರು ವರ್ಷ ಹಿಂದಿನ ಇಂಗ್ಲೆಂಡು. ಲೇಸಿನ ಟೊಪ್ಪಿಯ ಆ ತಾಯಿ, ಕುದುರೆಗಾಡಿಯಿಂದ ಇಳಿಯುತ್ತಿದ್ದ ದೊರೆಯನ್ನು ಕಿಟಕಿಯಿಂದ ಕಂಡು, ಖುಷಿ ತಡೆಯಲಾರದೆ ಕುಣಿಯುವುದೊಂದು ಬಾಕಿ.

“ಕೊಡುವುದಿಲ್ಲ ಅಂದರೆ ಇಷ್ಟು ನಗುವುದು ಯಾಕೆ?” ಎಂದರು ವಾರಿಜಾಕ್ಷಿ.

“ಅದು ಕೋಪದ ನಗು ಅಮ್ಮ. ದೊಡ್ಡ ಮನೆಯವರು ಹಾಗೆಯೇ.”

ವಾರಿಜಾಕ್ಷಿ ಗೇರುಬೀಜ ಬಾಯಿಗೆ ಹಾಕಿಕೊಂಡರು. ಒಮಾನಿನ ಸಲಾಲಾದಲ್ಲಿ ರಜೆಯ ಶುಕ್ರವಾರದ ಮಧ್ಯಾಹ್ನ, ಹೊರಗೆ ಜಿನುಗು ಮಳೆ, ಒಳಕೋಣೆಯಲ್ಲಿ ಅಪ್ಪನ ಗೊರಕೆ. ಆರು ವಾರದಿಂದ ತಾಯಿ ಮಗಳ ಶುಕ್ರವಾರಗಳು ಹೀಗೆಯೇ ಕಳೆಯುತ್ತಿದ್ದವು. ತೃಪ್ತಿಯ ಆಫೀಸಿನ ಕ್ಯಾರೋಲಿನ್ ಹತ್ತಿರ ಇಂಥ ಧಾರಾವಾಹಿಗಳ ಡೀವಿಡಿ ಒಂದು ಕಪಾಟು ತುಂಬ ಇತ್ತು. ಎಲ್ಲದರಲ್ಲೂ ಅದೇ ಗೌನು, ಅದೇ ಕುದುರೆ, ಅದೇ ಮದುವೆಯ ತಲೆಬಿಸಿ. ತಾಯಿಗೆ ಇಂಗ್ಲಿಷ್ ಬಾರದು. ಹಾಗಾಗಿ ಪಾತ್ರಗಳು ಏನು ಹೇಳಬೇಕೆಂಬುದು ಪೂರಾ ತೃಪ್ತಿಯ ಕೈಯಲ್ಲಿತ್ತು, ಅವಳೂ ಧಾರಾಳವಾಗಿ ಹೇಳಿಸುತ್ತಿದ್ದಳು. ಮೊದಲ ವಾರ ಒಬ್ಬ ಪಾದ್ರಿ ‘ಜಾತಿಯಲ್ಲಿ ಎಂತ ಉಂಟು’ ಎಂದಿದ್ದ. ಮೂರನೆಯ ವಾರ ಒಬ್ಬಳು ಮುದುಕಿ ‘ಘಟ್ಟದ ಮೇಲಿನವರೂ ಮನುಷ್ಯರೇ’ ಎಂದಿದ್ದಳು.

ಕಾರಣ ಬಂದರಿನಲ್ಲಿ ಕ್ರೇನ್ ಇಂಜಿನಿಯರ್ ಆಗಿದ್ದ ಗದಗದ ಶಿವಶರಣ. ಲಿಂಗಾಯತರ ಹುಡುಗ, ಮೊಟ್ಟೆಯನ್ನೂ ಮುಟ್ಟದವನು. ಬರುವ ತಿಂಗಳು ಊರಿಗೆ ಹೋದಾಗ ಪುತ್ತೂರಿನ ಸಂಬಂಧವೊಂದನ್ನು ನೋಡಿ ಮುಗಿಸುವುದೆಂದು ಅಪ್ಪ ಟಿಕೆಟ್ ಸಮೇತ ತಯಾರಿದ್ದರು. ಅಷ್ಟರೊಳಗೆ ಅಮ್ಮನ ಮನಸ್ಸು ಮೆತ್ತಗಾಗದಿದ್ದರೆ ತೃಪ್ತಿಯ ಕಥೆ ಖಲಾಸ್.

ಟೀವಿಯಲ್ಲಿ ಊಟದ ದೃಶ್ಯ ಬಂತು. ದೊರೆ ಚಾಕು ಚಮಚ ಹಿಡಿದು, ತಲೆ ಬಾಲ ಎರಡೂ ಇದ್ದ ಒಂದು ಮೀನನ್ನು ಬಿಡಿಸತೊಡಗಿದ.

“ಇವನು ಮೀನು ತಿನ್ನುವುದಿಲ್ಲ ಅಂದಿಯಲ್ಲ?”

“ಅದು... ಬಟಾಟೆ ಅಮ್ಮ.”

ಮಲ್ಪೆಯಲ್ಲಿ ಹುಟ್ಟಿದ ಹೆಂಗಸಿಗೆ ಮೀನನ್ನು ತೋರಿಸಿ ಬಟಾಟೆ ಎಂದ ಧೈರ್ಯವಂತೆ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. ವಾರಿಜಾಕ್ಷಿ ಮಗಳ ಮುಖವನ್ನೊಮ್ಮೆ ನೋಡಿ, “ಆ ಊರಿನ ಬಟಾಟೆಗೆ ಮುಳ್ಳು ಉಂಟು ಮಾರಾಯ್ತಿ,” ಎಂದರು.

ಆಮೇಲೆ ಬಂತು ಮುಖ್ಯ ಘಟ್ಟ. ದೊರೆ ಟೊಪ್ಪಿಯನ್ನು ಕೈಯಲ್ಲಿ ಹಿಡಿದು, ಮಳೆಯಲ್ಲಿ ನೆನೆದು ನಾಯಕಿಯ ಎದುರು ನಿಂತ. ಕಳೆದ ಗುರುವಾರ ತೆಂಗಿನ ತೋಟದ ಬದಿಯ ಅಂಗಡಿಯಲ್ಲಿ ಎಳನೀರು ಹಿಡಿದುಕೊಂಡು ಶಿವಶರಣ ನಿಂತದ್ದೂ ಹೀಗೆಯೇ. ಅವಳು ಪರದೆಯ ಮೇಲಿನ ತುಟಿಗಳನ್ನೇ ನೋಡುತ್ತ, ತನಗರಿವಿಲ್ಲದೆ ತರ್ಜುಮೆ ಮಾಡಿದಳು:

“ನಿಮ್ಮನ್ನ ಬಿಟ್ಟು ನನಗ ಇರಾಕ ಆಗೂದಿಲ್ರಿ. ನಿಮ್ಮವ್ವಾರ ಕಾಲಿಗೆ ಬೀಳು ಅಂದ್ರ ಬೀಳ್ತೀನಿ. ಮೀನ ತಿನ್ನು ಅಂತ ಅಷ್ಟ ಹೇಳಬ್ಯಾಡ್ರಿ.”

ಹೇಳಿ ಮುಗಿದ ಮೇಲೆಯೇ ಅವಳಿಗೆ ತನ್ನ ಮಾತು ತನಗೆ ಕೇಳಿಸಿದ್ದು. ಕಿವಿ ಬಿಸಿಯಾಯಿತು.

“ಈ ದೊರೆ ಹುಬ್ಬಳ್ಳಿ ಕಡೆಯವನಾ?” ಎಂದು ಕೇಳಿದರು ವಾರಿಜಾಕ್ಷಿ, ಬಹಳ ಮೆಲ್ಲಗೆ.

“ಗದಗ,” ಎಂದಳು ತೃಪ್ತಿ. ಸುಳ್ಳು ಹೇಳಲು ಇನ್ನು ಯಾವ ಪಾತ್ರವೂ ಉಳಿದಿರಲಿಲ್ಲ.

ವಾರಿಜಾಕ್ಷಿ ರಿಮೋಟ್ ಎತ್ತಿಕೊಂಡು ಟೀವಿಯ ಬಾಯಿ ಮುಚ್ಚಿಸಿದರು. ಚಿತ್ರ ಓಡುತ್ತಿತ್ತು, ಸದ್ದು ನಿಂತಿತು. ಲೇಸಿನ ಟೊಪ್ಪಿಯ ತಾಯಿ ಮತ್ತೆ ಬಂದು ಮಗಳ ಕೈ ಹಿಡಿದು ಏನೋ ಹೇಳತೊಡಗಿದ್ದಳು.

“ಈಗ ನಾನು ಹೇಳ್ತೇನೆ, ನೀನು ಕೇಳು,” ಎಂದು ಅವರು ಶುರುಮಾಡಿದರು. “ಅವಳ ಅಮ್ಮ ಹೇಳ್ತಾಳೆ: ಮಗಾ, ಹೆತ್ತ ತಾಯಿಗೆ ಒಂದು ಮಾತು ಹೇಳಲಿಕ್ಕೆ ನಿನಗೆ ಇಂಗ್ಲೆಂಡಿನಿಂದ ಇಷ್ಟು ಜನ ಬರಬೇಕಾಯಿತಾ? ಆರು ವಾರ ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲ. ಪಾದ್ರಿ ಹೇಳಿದ, ಮುದುಕಿ ಹೇಳಿದಳು, ನೀನು ಮಾತ್ರ ಹೇಳಲಿಲ್ಲ. ನನಗೆ ಅದೇ ಬೇಸರ.”

“ಹೆದರಿಕೆ ಆಯ್ತಮ್ಮ,” ಎಂದಳು ತೃಪ್ತಿ. ಪರದೆಯ ಮೇಲಿನ ಹುಡುಗಿ ಆಗ ಬಾಯಿ ತೆರೆದಿರಲಿಲ್ಲ. ತೃಪ್ತಿಯ ಕಣ್ಣು ತುಂಬಿ ಬಂದು ಇಡೀ ಇಂಗ್ಲೆಂಡು ಮಂಜಾಗಿ ಕಂಡಿತು.

“ಹೆದರಿಕೆ ನಿನಗೊಬ್ಬಳಿಗೇ ಇರುವುದಾ? ಪುತ್ತೂರಿನವರಿಗೆ ಎಂತ ಹೇಳುವುದು ಅಂತ ಈ ಅಮ್ಮನಿಗೂ ಹೆದರಿಕೆ ಆಗ್ತಾ ಉಂಟು. ಒಳಗೆ ಮಲಗಿದ್ದಾರಲ್ಲ, ಅವರಿಗೆ ಹೇಳುವುದು ಅದಕ್ಕಿಂತ ಕಷ್ಟ. ಆದರೂ ಹೇಳ್ತಾಳಂತೆ. ಅವರು ಎದ್ದು ಚಾ ಕುಡಿದ ಮೇಲೆ.”

ಅಷ್ಟರಲ್ಲಿ ದೃಶ್ಯ ಬದಲಾಗಿತ್ತು. ತಾಯಿಯೂ ಇಲ್ಲ, ಮಗಳೂ ಇಲ್ಲ. ಉದ್ದಕ್ಕೆ ಹಸಿರು ಗುಡ್ಡ, ಅದರ ತುಂಬ ಮೇಯುವ ಕುರಿಗಳು. ವಾರಿಜಾಕ್ಷಿ ಮಾತ್ರ ನಿಲ್ಲಿಸಲಿಲ್ಲ. ಮಗಳ ಕಡೆ ತಿರುಗದೆ, ಪರದೆಯ ಮೇಲೇ ಕಣ್ಣಿಟ್ಟು ಮುಂದುವರಿಸಿದರು.

“ಬರುವ ಶುಕ್ರವಾರ ಅವನನ್ನು ಊಟಕ್ಕೆ ಕರಿ. ಅಂಜಲ್ ಮೀನು ನಾನು ಹುರಿದೇ ಹುರಿಯುತ್ತೇನೆ. ಅವನು ತಿನ್ನುವುದು ಬೇಡ, ಮೂಗು ಮುಚ್ಚಿಕೊಳ್ಳದೆ ನಮ್ಮ ಜೊತೆ ಕೂತರೆ ಸಾಕು,” ಎಂದವು ಕುರಿಗಳು.