ಹೊಂಬೆಳಗು ಅಡ್ಡ ನಿಂತಳು

ನೋಂದಣಿಯಾದ ದಿನವೇ ಪ್ರತಿ ಕಂಪನಿಗೂ ಕೈಕಾಲು ಮೂಡುತ್ತಿದ್ದ ಕಾಲವದು. ಹುಬ್ಬಳ್ಳಿಯ ನೀಲಾಂಬಿಕೆಯವರು ತಾವು ಸ್ಥಾಪಿಸಿದ ‘ಹೊಂಬೆಳಗು ಮಸಾಲೆ ಪ್ರೈವೇಟ್ ಲಿಮಿಟೆಡ್’ ಎಂಬ ಕೂಸನ್ನು ಎತ್ತಿ ಆಡಿಸಿ ಬೆಳೆಸಿದ್ದರು. ಈಗ ಅವಳು ಎದೆಯೆತ್ತರದ ಹುಡುಗಿ. ಇನ್ನು ಸ್ವಲ್ಪ ಹೊತ್ತಿಗೆ ಆಡಳಿತ ಮಂಡಳಿಯ ಸಭೆ. ಅಲ್ಲಿ ಅಧ್ಯಕ್ಷೆ ನೀಲಾಂಬಿಕೆ ನಿವೃತ್ತಿ ಘೋಷಿಸಬೇಕು. ಆದರೆ ತಾವಿಲ್ಲದಾಗ ಈ ಹುಡುಗಿ ಯಾರದೋ ಸಲುಗೆಯ ಮಾತಿಗೆ ಕರಗಿ ಇದ್ದುದನ್ನೆಲ್ಲ ಕೊಟ್ಟುಬಿಟ್ಟರೆ? ಕೊನೆಯದಾಗಿ ಪರೀಕ್ಷಿಸಿಯೇ ಬಿಡೋಣವೆಂದು ಅವಳನ್ನು ಗೋದಾಮಿಗೆ ಕರೆದೊಯ್ದರು.

“ಹೊಂಬೆಳಗು, ಮೊಮ್ಮಗಳ ಮದುವಿಗೆ ನಾಕು ಚೀಲ ಖಾರಪುಡಿ ಮನೀಗೆ ಕಳಸು.”

ಹುಡುಗಿ ಬಾಗಿಲಿಗೆ ಅಡ್ಡ ನಿಂತಳು. “ಆಗೂದಿಲ್ರಿ ಅಮ್ಮಾರ. ಅದು ನಂದು.”

“ಏನಂದಿ? ನಿನ್ನ ಹುಟ್ಟಿಸಿದಾಕಿ ನಾನು!”

“ಹುಟ್ಟಿಸೀರಿ, ಖರೆ. ಆದ್ರ ನೀವ ಬ್ಯಾರೆ, ನಾ ಬ್ಯಾರೆ. ಬೇಕಂದ್ರ ಮಂಡಳಿ ಮುಂದ ಕೇಳ್ರಿ. ನಿಮ್ಮ ಲಾಭದ ಮಾತಿಗೆ ಅಲ್ಲಿ ನೀವ ಮತ ಹಾಕಾಕ ಕೈ ಎತ್ತೂಹಂಗಿಲ್ಲ.”

ಹುಡುಗಿ ಬಾಗಿಲು ಬಿಟ್ಟು ಕದಲಲಿಲ್ಲ. ನೀಲಾಂಬಿಕೆ ಅವಳನ್ನು ದುರುಗುಟ್ಟಿ ನೋಡಿದರು. ಹುಡುಗಿಯ ಕಣ್ಣು ತುಂಬಿಬಂತು.

“ಸಿಟ್ಟ ಬಂತೇನ್ರಿ?”

ನೀಲಾಂಬಿಕೆ ಗಟ್ಟಿಯಾಗಿ ನಕ್ಕು ಅವಳ ಕೆನ್ನೆ ಸವರಿದರು.

“ಹುಚ್ಚಿ! ಖಾರಪುಡಿ ಅಂಗಡ್ಯಾಗ ಕೊಂಡ್ಕೋತೀನಿ. ಸಭಾಕ್ಕ ನಡಿ, ಇನ್ನ ನಾ ನಿಶ್ಚಿಂತಿಯಿಂದ ಕುರ್ಚಿ ಬಿಡ್ತೀನಿ.”