ಪರಿಚಿತ ಮುಖದ ಗೆರೆ

ಪರದೆಯ ಮೇಲೆ, ಗಂಡನ ಮೆದುಳಿನಲ್ಲಿ ಗುಂಗುರುವಿನ ಮುಖಕ್ಕೆ ಎದ್ದ ಗೆರೆ ಗುಡ್ಡದ ಹಾಗಿತ್ತು. ಹೆಂಡತಿಯಾದ ತನ್ನ ಮುಖಕ್ಕೆ ಎದ್ದದ್ದನ್ನು ಎದ್ದಿತೆಂದು ಹೇಳುವುದೇ ಕಷ್ಟ. ಮಲಗಿದವನು ಮಗ್ಗುಲು ಬದಲಿಸಿದಷ್ಟು. ಅವಳು ಮೆದುಳಿನ ಎಡಭಾಗ ತೆಗೆದು ನೋಡಿದಳು, ಬಲಭಾಗ ತೆಗೆದು ನೋಡಿದಳು. ಎರಡೂ ಕಡೆ ಗುಂಗುರುವೇ ಗೆದ್ದಿದ್ದಳು.

ನಿಜಕ್ಕೆ ಅದು ಗಂಡನ ಮೆದುಳೆಂದು ಅವಳಿಗೆ ತಿಳಿಯಬಾರದಿತ್ತು. ಸ್ಕ್ಯಾನ್ ಯಂತ್ರದೊಳಗೆ ಮಲಗಿ ಮುಖಗಳ ಫೋಟೊ ನೋಡಿದವರ ಹೆಸರು ತೆಗೆದು, ಬರೀ ಸಂಖ್ಯೆ ಹಾಕಿ ಅವಳ ಕೈಗೆ ಕೊಡುವುದು ಪ್ರಯೋಗಾಲಯದ ನಿಯಮ. ಒಂದೊಂದು ಮುಖಕ್ಕೆ ಮೆದುಳು ಎಷ್ಟು ಚುರುಕಾಯಿತೆಂದು ತೋರುವ ಆ ಗೆರೆಗಳನ್ನು ಇಟ್ಟುಕೊಂಡು, ಮೆದುಳಿನ ಹಾಗೆಯೇ ಮುಖ ಗುರುತಿಸುವ ನರಜಾಲದ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಅವಳ ಕೆಲಸ. ಆದರೆ ಸ್ಕ್ಯಾನಿನಲ್ಲಿ ತಲೆಯ ಅಂಚೂ ಬರುತ್ತದೆ, ಅಂಚಿನಲ್ಲಿ ಮೂಗೂ ಇರುತ್ತದೆ. ಕಟ್ಟಿಕೊಂಡವನ ಮೂಗು ಯಾವ ಸಂಖ್ಯೆಯ ಹಿಂದೆ ಅಡಗೀತು? ಜನ ಸಾಲದೆಂದು ಅವನನ್ನು ಒಪ್ಪಿಸಿ ಕರೆತಂದವಳೂ ಅವಳೇ. ಫೋಟೊ ಸಾಲದೆಂದು ಪ್ರಯೋಗಾಲಯದವರೂ ಅವರ ಮನೆಯವರೂ ತಮ್ಮ ಮುಖಗಳನ್ನು ಸೇರಿಸಿದ್ದರು. ಗುಂಗುರು ಕೂದಲಿನಿಂದಾಗಿ ಎಲ್ಲರಿಗೂ ಗುಂಗುರುವೇ ಆಗಿದ್ದ ಕಿರಿಯ ಸಂಶೋಧಕಿ ಹಲ್ಲು ಬಿಟ್ಟು ನಗುವ ಫೋಟೊ ಕೊಟ್ಟಿದ್ದಳು. ತನ್ನದು ಪಾಸ್‌ಪೋರ್ಟಿಗೆಂದು ತೆಗೆಸಿದ್ದು. ತುಟಿ ಬಿಗಿ, ಕಿವಿ ಎರಡೂ ಹೊರಗೆ.

ಅವನನ್ನು ಯಂತ್ರದಲ್ಲಿ ಮಲಗಿಸಿದ್ದು ಗುಂಗುರು. ಅವತ್ತು ಮನೆಗೆ ಬಂದವನೇ, "ನಿಮ್ಮ ಗುಂಗುರು ಭಾರಿ ಮಾತುಗಾತಿ ಕಣೇ. ಅಲ್ಲಾಡಬೇಡಿ ಅಂತ ಹೇಳಿ ಅವಳೇ ನಗಿಸ್ತಾಳೆ" ಅಂದಿದ್ದ. ಊಟಕ್ಕೆ ಕೂತಾಗಲೂ ಅದನ್ನೇ ಅಂದಿದ್ದ. ಅವಳು "ಹೌದಾ" ಎಂದು ಎದ್ದು ತಟ್ಟೆ ತೊಳೆದಿದ್ದಳು. ಆ ತಟ್ಟೆ ಅವತ್ತು ತುಂಬ ಹೊತ್ತು ತೊಳೆಸಿಕೊಂಡಿತು.

"ಏನಕ್ಕಾ, ಉಸಿರೂ ಬಿಡದೆ ನೋಡ್ತಿದೀರಾ?" ಗುಂಗುರು ಕುರ್ಚಿಯಿಂದ ಏಳದೆ, ಅದರ ಗಾಲಿಗಳ ಮೇಲೆಯೇ ಉರುಳಿಕೊಂಡು ಪಕ್ಕಕ್ಕೆ ಬಂದಳು. ಪರದೆ ಮುಚ್ಚಲು ಪುರಸೊತ್ತಾಗಲಿಲ್ಲ. "ಅಯ್ಯೋ, ಈ ಮೂಗು ನಮ್ಮ ಭಾವಂದಲ್ವಾ! ಕದ್ದು ನೋಡ್ತಿದೀರಾ? ಬಿಡಿ, ಮೇಡಂಗೆ ಹೇಳಲ್ಲ."

ಭಾವ! ಯಾವಾಗಿನಿಂದ ಭಾವ? ಅವಳು ಬೆರಳನ್ನು ಗುಡ್ಡದ ಮೇಲಿಟ್ಟಳು. "ಇದು ನಿನ್ನ ಫೋಟೊಗೆ." ಬೆರಳು ಕೆಳಗಿಳಿಯಿತು. "ಇದು ನನ್ನ ಫೋಟೊಗೆ."

ಗುಂಗುರು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದಕ್ಕಾ ಮುಖ ಇಷ್ಟು ಸಣ್ಣ ಮಾಡ್ಕೊಂಡಿರೋದು? ಅಕ್ಕಾ, ನಿಮ್ಮ ಥೀಸಿಸ್ ನೀವೇ ಓದಿಲ್ವಾ? ಮೆದುಳು ಮುಂದೇನು ಬರತ್ತೆ ಅಂತ ಮೊದಲೇ ಊಹೆ ಮಾಡ್ಕೊಂಡಿರತ್ತೆ, ಊಹೆ ಸರಿಯಾದ್ರೆ ತಣ್ಣಗಿರತ್ತೆ, ತಪ್ಪಿದ್ರೆ ಮಾತ್ರ ಎದ್ದು ಕೂರತ್ತೆ ಅಂತ ನಮಗೆಲ್ಲ ಪಾಠ ಮಾಡಿದ್ದು ಯಾರು? ನನ್ನನ್ನ ಅವರು ನೋಡಿದ್ದೇ ಒಂದೆರಡು ಸಲ. ಯಾರಪ್ಪಾ ಇವಳು ಅಂತ ಮೆದುಳು ಒದ್ದಾಡಿದೆ ಪಾಪ. ನಿಮ್ಮ ಮುಖ ಅಂದ್ರೆ ಅವರಿಗೆ ಹಾಕ್ಕೊಂಡಿರೋ ಚಪ್ಪಲಿ ಇದ್ದ ಹಾಗೆ. ಕಾಲಲ್ಲಿದೆ ಅಂತ ಯಾರಾದ್ರೂ ಬಗ್ಗಿ ನೋಡ್ತಾರಾ?"

ಅವಳಿಗೆ ಕಿವಿಯವರೆಗೂ ಬಿಸಿಯಾಯಿತು. ತನ್ನದೇ ಮಾದರಿಯ ಮೊದಲ ಪಾಠ. ಗಂಡನ ಮೂಗು ಕಂಡ ಕೂಡಲೇ ಮರೆತುಹೋಗಿತ್ತು. ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಚಪ್ಪಲಿ ಅನ್ನಿಸಿಕೊಂಡದ್ದು ಚುಚ್ಚಿತು. ಸಮಾಧಾನವನ್ನೂ ಇವಳ ಕೈಯಿಂದಲೇ ಈಸಿಕೊಳ್ಳಬೇಕಾಯಿತಲ್ಲ ಎಂಬುದು ಇನ್ನೂ ಜೋರಾಗಿ ಚುಚ್ಚಿತು.

"ಇನ್ನೂ ನಂಬಿಕೆ ಬಂದಿಲ್ಲ ನಿಮಗೆ," ಎಂದು ಗುಂಗುರು ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡಳು. "ನೀವೂ ಮಲಗಿದ್ರಲ್ಲ ಯಂತ್ರದಲ್ಲಿ, ನಿಮ್ಮದೂ ಹಾಕಿ ನೋಡೋಣ. ಭಾವನ ಮುಖಕ್ಕೆ ನಿಮ್ಮ ಗೆರೆ ನೆಲ ಬಿಟ್ಟು ಏಳಲ್ಲ. ಬೇಕಾದ್ರೆ ಬೆಟ್ ಕಟ್ತೀನಿ."

"ಬೇಡ," ಅಂದಳು ಅವಳು. ಅವಳ ಬೇಡ ಯಾವಾಗಲೂ ಕೇಳಿಸದಷ್ಟು ಸಣ್ಣದು.

ಅವಳ ಮೆದುಳಿನ ಗೆರೆಗಳು ಒಂದೊಂದಾಗಿ ಮೂಡಿದವು. ಎಂದೂ ಕಾಣದವರ ಮುಖಗಳಿಗೆ ದಿಬ್ಬಗಳು. ಪ್ರಯೋಗಾಲಯ ನಡೆಸುವ ಮೇಡಂ ಮುಖಕ್ಕೆ ಚಪ್ಪಟೆ; ಗುಂಗುರು ಕಿಸಕ್ಕೆಂದಳು. ದಿನಾ ಎದುರಿಗೆ ಕೂರುವ ಗುಂಗುರುವಿನ ಮುಖಕ್ಕೂ ಹೆಚ್ಚುಕಡಿಮೆ ಚಪ್ಪಟೆಯೇ. ಕೊನೆಗೆ ಗಂಡನ ಮುಖದ ಗೆರೆ ಬಂತು. ಅದು ಏರಿತು, ಕಾಣದವರ ದಿಬ್ಬಗಳನ್ನೆಲ್ಲ ದಾಟಿತು, ಪರದೆಯ ಮೇಲಂಚಿಗೆ ಹೋಗಿ ಮುಟ್ಟಿತು.

ಗುಂಗುರು ಕೀಲಿಮಣೆಯಿಂದ ಕೈ ತೆಗೆದಳು. "ಅವತ್ತು ನೀವು ತಲೆ ಅಲ್ಲಾಡಿಸಿರಬೇಕು ಅಕ್ಕಾ," ಎಂದಳು ಮೆಲ್ಲಗೆ. ತಲೆ ಅಲ್ಲಾಡಿದ್ದರೆ ಎಲ್ಲ ಗೆರೆಗಳೂ ಕೆಡಬೇಕಿತ್ತು, ಒಂದೇ ಮುಖದ್ದಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಹಿಂದಿನಿಂದ ಬಾಗಿಲು ಸರಿದ ಸದ್ದಾಯಿತು. ಅವಳನ್ನು ಕರೆದೊಯ್ಯಲು ಗಂಡ ಬಂದಿದ್ದ. "ಹೊರಡೋಣ್ವಾ?" ಎಂದ.

ಅವನ ಕಣ್ಣು ಮೊದಲು ತನ್ನ ಕಡೆ ಬಂತೇ, ಗುಂಗುರುವಿನ ಕಡೆ ಹೋಗಿ ಆಮೇಲೆ ಬಂತೇ? ಆ ನಗು ಹೊರಗಿನಿಂದಲೇ ತಂದದ್ದೇ, ಒಳಗೆ ಬಂದ ಮೇಲೆ ಹುಟ್ಟಿದ್ದೇ? ಅವಳು ರೆಪ್ಪೆ ಬಡಿಯದೆ ಅವನ ಮುಖದಲ್ಲಿ ಹುಡುಕುತ್ತಿದ್ದಳು.

"ದಿನಾ ಹೀಗೇ ನೋಡ್ತೀಯಲ್ಲೇ," ಅವನೆಂದ, "ಯಾರೋ ಗುರುತಿಲ್ಲದವನು ಬಂದು ನಿಂತ ಹಾಗೆ."